ಬೇರಿನ ಗಂಟು ನೋಡಿ ಹಿಗ್ಗಿದ್ದೆ

ಬಾಡುತ್ತಿದ್ದ ಬೀನ್ಸ್ ಗಿಡವೊಂದನ್ನು ಕಿತ್ತು ನೋಡಿದಾಗ ಬೇರಿನ ತುಂಬ ಗಂಟು. ದ್ವಿದಳ ಬೆಳೆಯ ಬೇರುಗಂಟು ಸಾರಜನಕ ಹಿಡಿದುಕೊಡುತ್ತದೆ ಎಂದು ಕೇಳಿದ್ದೆನಲ್ಲ, ಹಿಗ್ಗಿದೆ. ನೀರು ಸಾಲದೇನೋ ಎಂದು ಡ್ರಿಪ್ ಹೆಚ್ಚು ಹೊತ್ತು ಬಿಟ್ಟೆ, ಯೂರಿಯಾ ಕೊಟ್ಟೆ. ಗಿಡಗಳು ಅಲ್ಲೊಂದು ತೇಪೆ ಇಲ್ಲೊಂದು ತೇಪೆಯಂತೆ ಹಳದಿಯಾಗಿ ಕುಗ್ಗುತ್ತಲೇ ಹೋದವು.

ಪಕ್ಕದ ತೋಟದ ಹಿರಿಯರು ಬಂದು ಬೇರನ್ನು ಬೆರಳಿನಿಂದ ಉಜ್ಜಿದರು. ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಉದುರುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ನನ್ನದು ಉದುರಲಿಲ್ಲ, ಬೇರು ತಾನೇ ಊದಿಕೊಂಡಿತ್ತು. "ಜಂತುಹುಳು ಕಣಪ್ಪ," ಎಂದರು. ಮಣ್ಣಿನಲ್ಲಿದ್ದು ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು (ನೆಮಟೋಡ್) ಅದು. ಬೆಚ್ಚಗಿನ ಮಣ್ಣಿನಲ್ಲಿ 25–30 ದಿನಕ್ಕೆ ಅದರ ಒಂದು ತಲೆಮಾರು ಮುಗಿಯುತ್ತದೆ, ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಅದೇ ಅರ್ಧ ಎಕರೆಯಲ್ಲಿ ಟೊಮೆಟೊ, ಅದರ ಹಿಂದೆಯೇ ಸೌತೆ, ಆಮೇಲೆ ಬೀನ್ಸ್ ಹಾಕಿ ಆ ಹುಳುವಿಗೆ ಪಂಕ್ತಿಯ ಊಟ ಬಡಿಸಿದವನು ನಾನೇ.

ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟೆ. ತಿಪ್ಪೆಗೆ ಹಾಕಿದ್ದರೆ ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತಿತ್ತು. ಏಪ್ರಿಲ್, ಮೇನಲ್ಲಿ ನೀರು ಕೊಡದೆ ಮೂರು ಸಲ ಆಳವಾಗಿ ಉಳುಮೆ ಮಾಡಿಸಿ ಮಣ್ಣನ್ನು ಬಿಸಿಲಿಗೆ ಒಡ್ಡಿದೆ.

ಮಳೆ ಬಿದ್ದ ಮೇಲೆ ಪೂರ್ತಿ ಜಾಗಕ್ಕೆ ಚೆಂಡು ಹೂವು ನಾಟಿ ಮಾಡಿದೆ. ಬದುವಿನ ಮೇಲೆ ನಾಲ್ಕು ಗಿಡ ನೆಟ್ಟು ಜಂತುಹುಳು ಓಡಿತು ಎನ್ನುವವರನ್ನು ನಾನು ನಂಬುವುದಿಲ್ಲ. ಅದರ ಬೇರು ಹರಡಿದ ಮಣ್ಣಿನಲ್ಲಷ್ಟೇ ಅದರ ಕೆಲಸ, ಅದಕ್ಕೂ ಎರಡು ಮೂರು ತಿಂಗಳು ಬೇಕು. ನಡುವೆ ಕಳೆ ಬೆಳೆಯಗೊಡಲಿಲ್ಲ, ಎಷ್ಟೋ ಕಳೆಗಳ ಬೇರಿನಲ್ಲೂ ಹುಳು ಬದುಕಿಕೊಳ್ಳುತ್ತದೆ. ಆಯುಧಪೂಜೆಗೆ ಹೂವು ಮಾರಿ ಉಳುಮೆಯ ಖರ್ಚು ಹುಟ್ಟಿತು.

ಬೀನ್ಸ್ ಬಿತ್ತುವ ಮುಂಚೆ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಪೆಸಿಲೋಮೈಸಿಸ್ ಎಂಬ ಉಪಕಾರಿ ಶಿಲೀಂಧ್ರಗಳ ಪುಡಿ ತಲಾ ಎರಡು ಕೆಜಿ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಹದಿನೈದು ದಿನ ಇಟ್ಟು ಸಾಲಿಗೆ ಕೊಟ್ಟೆ. ಜೊತೆಗೆ ನೂರು ಕೆಜಿ ಬೇವಿನ ಹಿಂಡಿ. (ಹಿಂಡಿಯನ್ನು ಮೂಸಿ ನೋಡಿಯೇ ತರಬೇಕು, ಬೇವಿನ ಹೆಸರಿನಲ್ಲಿ ಮಣ್ಣನ್ನೂ ಮಾರುತ್ತಾರೆ.) ಬೇರೆ ಹೊಲದ ಮಣ್ಣಿನ ಜೊತೆ ಹುಳು ಬಾರದಿರಲೆಂದು, ಬಾಡಿಗೆ ಟಿಲ್ಲರ್ ಹೊಲಕ್ಕೆ ಇಳಿಯುವ ಮೊದಲು ಅದರ ಹಲ್ಲುಗಳನ್ನು ತೊಳೆಸಿದೆ. ಚಾಲಕ ನಕ್ಕ, ನಗಲಿ.

ಆ ಸಲ ಕೊಯ್ಲು ಮುಗಿದ ಮೇಲೆ ಅಲ್ಲಲ್ಲಿ ಇಪ್ಪತ್ತು ಗಿಡ ಕಿತ್ತು ಉಜ್ಜಿ ನೋಡಿದೆ. ಮೂರರಲ್ಲಿ ಮಾತ್ರ ಊದಿದ ಬೇರು. ಮೂರೂ ಕೆಳಗಿನ ಮೂಲೆಯವು, ಮಳೆನೀರು ಮಣ್ಣನ್ನು ಕೊಚ್ಚಿ ತಂದು ನಿಲ್ಲಿಸುವ ಜಾಗ. ಆ ಮೂಲೆಗೆ ಈ ವರ್ಷವೂ ಚೆಂಡು ಹೂವೇ.