ಆಲೆಮನೆ ಲೆಕ್ಕಕ್ಕೆ ಬೀಗ ಹಾಕಿದ್ದು

ಮಂಡ್ಯದ ಹತ್ತಿರ ಒಂದು ಆಲೆಮನೆಗೆ ಚಿಕ್ಕದೊಂದು ಎಪಿಐ, ಅಂದರೆ ಮೊಬೈಲ್ ಆಪ್ ಕೇಳಿದ್ದಕ್ಕೆ ಲೆಕ್ಕ ಕೊಡುವ ಪ್ರೋಗ್ರಾಮು, ಬರೆದುಕೊಟ್ಟೆ. ಕಬ್ಬಿನ ಗಾಡಿ ಬಂದಾಗ ತೂಕದ ಹುಡುಗರು ಮೊಬೈಲಿನಲ್ಲಿ ತೂಕ ಹಾಕಬೇಕು. ಮಾಲೀಕರಿಗೆ ಎಲ್ಲರ ಬಾಕಿ ಕಾಣಬೇಕು. ರೈತರಿಗೆ ಅವರವರ ಲೆಕ್ಕ ಮಾತ್ರ. ಗಾಣ ನಿಂತ ದಿನ ಯಾರೂ ಆಪ್ ತೆರೆಯುವುದೇ ಇಲ್ಲ. ಅದಕ್ಕೆ ತಿಂಗಳಿಡೀ ಸರ್ವರ್ ಬಾಡಿಗೆ ಯಾಕೆ ಅಂತ ಅಮೆಜಾನಿನ ಲ್ಯಾಂಬ್ಡಾ ಹಿಡಿದೆ, ಕರೆ ಬಂದಾಗ ಮಾತ್ರ ನಮ್ಮ ಕೋಡ್ ಓಡಿಸುವ ಸೇವೆ. ಅದರ ಮುಂದೆ ಬಾಗಿಲಿನ ಹಾಗೆ ಎಪಿಐ ಗೇಟ್‌ವೇ, ಆಪಿನ ಕರೆಗಳೆಲ್ಲ ಅದರ ಮೂಲಕವೇ ಒಳಗೆ. ಬಳಸಿದಷ್ಟಕ್ಕೆ ದುಡ್ಡು.

ಮೊದಲು ಮಾಡಿದ್ದು ಸೋಮಾರಿ ಕೆಲಸ. ಎಲ್ಲರ ಆಪಿಗೂ ಒಂದೇ ಎಪಿಐ ಕೀ, ಅಂದರೆ ಕರೆಯ ಜೊತೆ ಕಳಿಸುವ ಗುಟ್ಟಿನ ಅಕ್ಷರಮಾಲೆ. ಆಪಿನ ಫೈಲು (ಎಪಿಕೆ) ಬಿಚ್ಚಿದರೆ ಅದು ಯಾರಿಗಾದರೂ ಸಿಗುತ್ತದೆ ಅಂತ ಗೊತ್ತಿತ್ತು, ಆದರೆ ಆಲೆಮನೆಯಲ್ಲಿ ಯಾರು ಬಿಚ್ಚುತ್ತಾರೆ ಅಂತ ಸುಮ್ನೆ ಇದ್ದೆ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಒಂದು ಗಾಡಿಯ ತೂಕ ಎರಡು ಸಲ ಏರಿತ್ತು. ಯಾರು ಹಾಕಿದ್ದು ಅಂದರೆ ಉತ್ತರವೇ ಇಲ್ಲ, ಎಲ್ಲರೂ ಒಂದೇ ಕೀ ತಾನೆ! ಎಪಿಐ ಕೀ ಇರುವುದು ಬಳಕೆ ಎಣಿಸಲಿಕ್ಕೆ, ಮಿತಿ ಹಾಕಲಿಕ್ಕೆ. ಆಳನ್ನು ಗುರುತಿಸಲಿಕ್ಕಲ್ಲ.

ಆಮೇಲೆ ಕಾಗ್ನಿಟೋ ತಂದೆ, ಲಾಗಿನ್ ನೋಡಿಕೊಳ್ಳುವ ಅಮೆಜಾನಿನದೇ ಸೇವೆ. ಒಬ್ಬೊಬ್ಬರಿಗೂ ಫೋನ್ ನಂಬರು, ಪಾಸ್‌ವರ್ಡು. ನಂಬರಿಗೆ +91 ಕಡ್ಡಾಯ, ಅದನ್ನು ಯಾರೂ ಹಾಕುವುದಿಲ್ಲ, ಆಪಿನಲ್ಲೇ ಸೇರಿಸಿದೆ. ಮೊದಲು ಕೊಡುವ ತಾತ್ಕಾಲಿಕ ಪಾಸ್‌ವರ್ಡು, ಅದರ ಅವಧಿಯನ್ನು ನಾವಾಗಿ ಬದಲಿಸದಿದ್ದರೆ, 7 ದಿನಕ್ಕೆ ಸಾಯುತ್ತದೆ. ಹಬ್ಬಕ್ಕೆ ಊರಿಗೆ ಹೋದವರಿಗೆಲ್ಲ ಮತ್ತೆ ಕೊಡಬೇಕಾಯಿತು. ಲಾಗಿನ್ ಆದ ಮೇಲೆ ಸಿಗುವ ಟೋಕನ್ನಿನಲ್ಲಿ, ಅಂದರೆ ಸಹಿ ಹಾಕಿದ ಡಿಜಿಟಲ್ ಚೀಟಿಯಲ್ಲಿ, ಆತ ಯಾವ ಗುಂಪಿನವನು ಅಂತ ಇರುತ್ತದೆ: ತೂಕ, ಮಾಲೀಕ, ರೈತ. ಅದರ ಸಹಿ, ಅವಧಿ, ಗುಂಪು ನೋಡಿ ಒಳಗೆ ಬಿಡುವ ಕಾವಲು ಲ್ಯಾಂಬ್ಡಾ, ಅಂದರೆ ಆಥರೈಸರ್, ಒಂದನ್ನು ನಾನೇ ಬರೆದೆ.

ಎರಡೇ ದಿನಕ್ಕೆ ಮಾಲೀಕರ ಫೋನು: “ಏನ್ ಸ್ವಾಮಿ, ನಿಮ್ ಆಪು ತೂಕ ತೋರುಸ್ತದೆ, ಬಾಕಿ ಕೇಳುದ್ರೆ ಕೊಡಾಕಿಲ್ಲ ಅಂತದೆ!” ಮೈಸೂರಿನಲ್ಲಿ ಕೂತು ನೋಡಿದರೆ ನನಗೆ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಅವರಿಗೂ ಸರಿ. ಆಮೇಲೆ ಉಲ್ಟಾ, ಬಾಕಿ ಬರುತ್ತದೆ, ತೂಕಕ್ಕೆ 403, ಅಂದರೆ ಅನುಮತಿ ಇಲ್ಲ. ಇಡೀ ಸಂಜೆ ಲಾಗ್, ಅಂದರೆ ಕರೆಗಳ ದಾಖಲೆ, ಓದಿದೆ. ಬಾಕಿಯ ಕರೆ ಆಥರೈಸರ್ ತನಕ ಬಂದೇ ಇರಲಿಲ್ಲ! ಆಗ ಹೊಳೆಯಿತು. ಆಥರೈಸರ್ ಕೊಟ್ಟ ತೀರ್ಪನ್ನು ಗೇಟ್‌ವೇ ಆ ಟೋಕನ್ನಿನ ಹೆಸರಲ್ಲಿ ನೆನಪಿಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ 300 ಸೆಕೆಂಡು. ತೂಕಕ್ಕೊಂದು, ಬಾಕಿಗೊಂದು ಅಂತ ಎಪಿಐಯಲ್ಲಿ ಬೇರೆ ಬೇರೆ ದಾರಿ. ನಾನು ಪ್ರತಿ ಸಲ ಆಗ ಕೇಳಿದ ದಾರಿಗೆ ಮಾತ್ರ ಒಪ್ಪಿಗೆ ಬರೆಯುತ್ತಿದ್ದೆ. ಮೊದಲು ತೂಕ ನೋಡಿದರೆ ಐದು ನಿಮಿಷ ತೂಕಕ್ಕಷ್ಟೇ ಬಾಗಿಲು. ತಪ್ಪು ಪೂರ್ತಿ ನನ್ನದೇ. ಈಗ ಆ ಗುಂಪಿಗೆ ಸಲ್ಲುವ ಎಲ್ಲ ದಾರಿಗಳನ್ನೂ ಒಂದೇ ತೀರ್ಪಿನಲ್ಲಿ ಬರೆಯುತ್ತೇನೆ. ನೆನಪನ್ನೇ ಸೊನ್ನೆ ಮಾಡಬಹುದಿತ್ತು, ಆದರೆ ಆಗ ಪ್ರತಿ ಕರೆಗೂ ಒಂದು ಲ್ಯಾಂಬ್ಡಾ ಜಾಸ್ತಿ ಓಡುತ್ತದೆ.

ಇದಕ್ಕಿಂತ ನಾಚಿಕೆಯದು ಇನ್ನೊಂದು. ಆಪ್ ರೈತರ ಲೆಕ್ಕ ಕೇಳುವ ವೆಬ್ ವಿಳಾಸದ ಕೊನೆಗೆ ಅವರ ಖಾತೆ ನಂಬರು ಇತ್ತು. 41ರ ಜಾಗದಲ್ಲಿ 42 ಹಾಕಿದೆ. ಪಕ್ಕದ ಹೊಲದವರ ಬಾಕಿ ಬಂತು! ಟೋಕನ್ ಅಸಲಿ, ಗುಂಪೂ ಸರಿ, ಆದ್ದರಿಂದ ಬಾಗಿಲಲ್ಲಿ ತಡೆಯಲಿಲ್ಲ. ಯಾರ ಲೆಕ್ಕ ಅಂತ ಒಳಗೆ ಕೇಳುವವರೇ ಇರಲಿಲ್ಲ. ಈಗ ವಿಳಾಸದಲ್ಲಿ ನಂಬರೇ ಇಲ್ಲ. ಟೋಕನ್ನಿನಲ್ಲಿರುವ ಗುರುತಿನಿಂದಲೇ ಲ್ಯಾಂಬ್ಡಾ ಖಾತೆ ಹುಡುಕುತ್ತದೆ.

ಮೊನ್ನೆ ತೂಕದ ಹುಡುಗನೊಬ್ಬ ಜಗಳ ಮಾಡಿ ಕೆಲಸ ಬಿಟ್ಟ. ಈಗ್ಲೇ ಅವನನ್ನ ತೆಗೀರಿ ಅಂದರು ಮಾಲೀಕರು. ಕಾಗ್ನಿಟೋದಲ್ಲಿ ಆ ಕ್ಷಣವೇ ತೆಗೆದೆ. ಆದರೆ ನನ್ನ ಆಥರೈಸರ್ ನೋಡುವುದು ಸಹಿ, ಅವಧಿ, ಗುಂಪು ಮಾತ್ರ. ಅವನ ಕೈಲಿರುವ ಟೋಕನ್ ಅವಧಿ ಮುಗಿಯುವ ತನಕ ನಡೆಯುತ್ತದೆ. ಮೊದಲು ಅದು 1 ಗಂಟೆ ಇತ್ತು, 15 ನಿಮಿಷಕ್ಕೆ ಇಳಿಸಿದ್ದೇನೆ. ಅದರ ಮೇಲೆ ಗೇಟ್‌ವೇ ನೆನಪು ಐದು ನಿಮಿಷ. ಜಾಸ್ತಿ ಅಂದರೆ ಇಪ್ಪತ್ತು ನಿಮಿಷ ಸ್ವಾಮಿ ಅಂದೆ.

“ಇಪ್ಪತ್ ನಿಮ್ಸ ತಾನೆ, ಬುಡಿ. ಅವ್ನಿನ್ನೂ ಬಸ್ಸೇ ಹತ್ತಿರಾಕಿಲ್ಲ” ಅಂದರು.