ಫ್ಲೈಟ್ ಎಷ್ಟು ಹೊತ್ತು ಅಂತ ಕೇಳುವವರಿಗೆ ನಾನು ಕೊಡುವ ಲೆಕ್ಕ

ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ದೆಹಲಿ, ಮುಂಬೈ ಕಡೆಯವರು ಫೋನ್ ಮಾಡಿದರೆ ರೂಮಿನ ಬಾಡಿಗೆಗಿಂತ ಮೊದಲು ಕೇಳೋದು ‘ಫ್ಲೈಟ್ ಎಷ್ಟು ಹೊತ್ತು?’ ಅಂತ. ಸುಮ್ನೆ ಟಿಕೆಟ್‌ನಲ್ಲಿರುವ ಸಮಯ ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅವರ ಮನೆಯಿಂದ ನಮ್ಮ ತೋಟದ ಗೇಟಿನವರೆಗೆ ಲೆಕ್ಕ ಹಾಕಿ ಕಳಿಸುತ್ತೇನೆ.

ಆಕಾಶದ ದೂರದ ಲೆಕ್ಕ ಸುಲಭ. ಅಕ್ಷಾಂಶದ 1 ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ದೆಹಲಿ ವಿಮಾನ ನಿಲ್ದಾಣ 28.6 ಡಿಗ್ರಿಯಲ್ಲಿದೆ, ಬೆಂಗಳೂರಿನದು 13.2ರಲ್ಲಿ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಅಡ್ಡ ದೂರದ ಗೊಡವೆಯೇ ಇಲ್ಲ. ವ್ಯತ್ಯಾಸ 15.4 ಡಿಗ್ರಿ. 111ರಿಂದ ಗುಣಿಸಿದರೆ 1,700 ಕಿ.ಮೀ. ಮೇಲೆ ಸ್ವಲ್ಪ. ರಸ್ತೆಯಲ್ಲಾದರೆ 2,100 ದಾಟುತ್ತದೆ.

ಮುಂಬೈನಿಂದ ಮಂಗಳೂರಿಗೆ ಮಾತ್ರ ಅಡ್ಡ ದೂರವನ್ನೂ ಸೇರಿಸಬೇಕು. ಉತ್ತರ-ದಕ್ಷಿಣ ಸುಮಾರು 680 ಕಿ.ಮೀ., ಪೂರ್ವ-ಪಶ್ಚಿಮ ಸುಮಾರು 215. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಾಕಿದರೆ 713 ಬರುತ್ತದೆ. ಇಷ್ಟು ದೂರಕ್ಕೆ ಭೂಮಿ ಗುಂಡಗಿರುವುದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ.

ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಆ ಲೆಕ್ಕದಲ್ಲಿ ದೆಹಲಿ-ಬೆಂಗಳೂರು 2 ಗಂಟೆ ಚಿಲ್ಲರೆ ಆಗಬೇಕು, ಅಲ್ವಾ? ಟಿಕೆಟ್‌ನಲ್ಲಿ 2 ಗಂಟೆ 45 ನಿಮಿಷದ ಆಸುಪಾಸು ಇರುತ್ತದೆ. ಅದು ಒಂದು ನಿಲ್ದಾಣದಲ್ಲಿ ವಿಮಾನ ಹೊರಡುವುದರಿಂದ ಹಿಡಿದು ಇನ್ನೊಂದರಲ್ಲಿ ಬಂದು ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ನಿಧಾನವಾಗಿ ಹೋಗಬೇಕು, ಸರದಿಗೆ ಕಾಯಬೇಕು, ಏರುವಾಗ ಇಳಿಯುವಾಗ ವೇಗ ಕಡಿಮೆ. ಇದಕ್ಕೆಲ್ಲ ನಾನು ಮುಕ್ಕಾಲು ಗಂಟೆ ಸೇರಿಸಿಬಿಡುತ್ತೇನೆ.

ಇನ್ನು ರಸ್ತೆ. ನನ್ನ ಪ್ರಕಾರ ಪ್ರವಾಸದ ದಿನ ಹೇಗಿರುತ್ತದೆ ಅಂತ ತೀರ್ಮಾನ ಆಗುವುದು ಇಲ್ಲೇ. ಬೆಂಗಳೂರು ವಿಮಾನ ನಿಲ್ದಾಣ ಇರೋದು ದೇವನಹಳ್ಳಿ ಕಡೆ. ಅಲ್ಲಿಂದ ದೊಡ್ಡಬಳ್ಳಾಪುರ, ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು ದಾಟಿ ನಮ್ಮಲ್ಲಿಗೆ ಬರಲು ಊಟದ ಹೊತ್ತು ಬಿಟ್ಟೇ ಐದೂವರೆಯಿಂದ ಆರು ಗಂಟೆ ಬೇಕು. ವಿಮಾನದಲ್ಲಿ ಕೂತಿದ್ದಕ್ಕಿಂತ ಎರಡು ಪಟ್ಟು! ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಹಾಸನದಲ್ಲಿ ಒಂದು ರಾತ್ರಿ ಉಳಿದು ಬನ್ನಿ ಅಂತಲೇ ಹೇಳುತ್ತೇನೆ.

ಮುಂಬೈಯವರಿಗೆ ನಾನು ಹೇಳುವುದು ಮಂಗಳೂರು. ವಿಮಾನದಲ್ಲಿ ಒಂದೂವರೆ ಗಂಟೆ, ಅಲ್ಲಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಉಜಿರೆ, ಚಾರ್ಮಾಡಿ ಘಾಟಿ ಹತ್ತಿ ಬಂದರೆ ಮೂರರಿಂದ ಮೂರೂವರೆ ಗಂಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವುದಕ್ಕೆ ಬೇರೆ ಅರ್ಧ ಗಂಟೆ ಇಟ್ಟುಕೊಳ್ಳಿ, ಅದನ್ನು ಬಿಡಬೇಡಿ. ಆದರೆ ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. 2019ರ ಆಗಸ್ಟ್ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ತುಂಬಾ ದಿನ ಬಂದ್ ಆಗಿತ್ತು. ಮಳೆ ಜೋರಾದರೆ ವಿಮಾನವೂ ಬಜ್ಪೆಯಲ್ಲಿ ಇಳಿಯದೆ ಬೇರೆ ಊರಿಗೆ ಹೋಗುವುದುಂಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರೇ ವಾಸಿ, ದೂರ ಆದರೂ ಸರಿ.

ವಾಪಸ್ ಹೋಗುವಾಗ ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಬೆಂಗಳೂರಿಂದ ರಾತ್ರಿ 8ರ ವಿಮಾನ ಅಂದರೆ 6ಕ್ಕೆ ಅಲ್ಲಿರಬೇಕು. ದಾರಿಗೆ ಆರು ಗಂಟೆ, ಊಟಕ್ಕೆ ಒಂದು, ನೆಲಮಂಗಲದ ಟ್ರಾಫಿಕ್‌ಗೆ ಇನ್ನೊಂದು. ನಮ್ಮ ಗೇಟು ಬೆಳಗ್ಗೆ 10ಕ್ಕೆ ಬಿಡಬೇಕು. ತಿಂಡಿ 9ಕ್ಕೇ ರೆಡಿ ಇಡುತ್ತೇನೆ.