ಕುಮಟಾದಿಂದ ಗೋಕರ್ಣಕ್ಕೆ ಕಡಲ ಬದಿ ಹಿಡಿದು ನಡೆಯುವವರಿಗೆ

ಕುಮಟಾದಿಂದ ಗೋಕರ್ಣಕ್ಕೆ ಬಸ್ಸಿನಲ್ಲಿ ಹೋದರೆ ಮಿರ್ಜಾನ, ಮದನಗೇರಿ ಸುತ್ತಿಕೊಂಡು ಸುಮಾರು 30 ಕಿಲೋಮೀಟರ್ ದಾರಿ. ಕಡಲ ಬದಿಯಲ್ಲಿ ನಡೆದು ಹೋಗುವವರು ಎರಡು ದಿನ ಇಟ್ಟುಕೊಳ್ಳಬೇಕು. ಒಂದೇ ದಿನದಲ್ಲಿ ಮುಗಿಸುವ ಹುಡುಗರು ಪ್ರತಿ ಚಳಿಗಾಲದಲ್ಲೂ ಸಿಗುತ್ತಾರೆ. ಕಾಲಲ್ಲಿ ಬಲ ಇದ್ದರೆ ಆಗದ ಕೆಲಸವೇನಲ್ಲ. ಆದರೆ ಅವರೆಲ್ಲ ಅಘನಾಶಿನಿ ಹೊಳೆಯನ್ನು ಗಡಿಬಿಡಿಯಲ್ಲಿ ದಾಟಿರುತ್ತಾರೆ. ಈ ದಾರಿಯಲ್ಲಿ ನಿಂತು ನೋಡಬೇಕಾದದ್ದು ಇರುವುದೇ ಆ ಹೊಳೆಯಲ್ಲಿ. ಉಳಿದ ಬೇಲೆ (ಕಡಲ ದಡದ ಮರಳಿಗೆ ನಾವು ಹೀಗೆನ್ನುತ್ತೇವೆ), ಗುಡ್ಡ, ಬಂಡೆಗಳೆಲ್ಲ ಅಲ್ಲಿಗೆ ಹೋಗುವ, ಅಲ್ಲಿಂದ ಬರುವ ದಾರಿ ಎಂದೇ ನಾನು ತಿಳಿದಿದ್ದೇನೆ.

ನನ್ನ ತವರು ಕಾಗಾಲ. ಕುಮಟಾ ತಾಲೂಕಿನಲ್ಲೇ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಹುಬ್ಬಳ್ಳಿ, ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಡಿಸೆಂಬರ್ ಬಂತೆಂದರೆ ಫೋನ್ ಮಾಡುತ್ತಾರೆ: "ಅಕ್ಕೋರೇ, ಗೆಳೆಯರೆಲ್ಲ ನಡ್ಕೊಂಡು ಹೋಗಬೇಕು ಅಂತಿದ್ದಾರೆ, ಹೇಗೆ ಹೋಗೋದು?" ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆದಿಡುವುದು ಒಳ್ಳೆಯದು.

ನವೆಂಬರಿನಿಂದ ಫೆಬ್ರುವರಿ ತನಕ ಬನ್ನಿ. ಮಾರ್ಚ್ ಮುಗಿಯುವ ಹೊತ್ತಿಗೆ ಗುಡ್ಡದ ಮೇಲಿನ ಕೆಂಪು ಮುರಕಲ್ಲು ಬೆಳಗಿನ ಹತ್ತಕ್ಕೇ ಕಾದು ನಿಲ್ಲುತ್ತದೆ, ನೆರಳಿಗೆ ಗೇರುಮರ ಬಿಟ್ಟರೆ ಹೆಚ್ಚೇನೂ ಇಲ್ಲ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಆಗ ಬೇಲೆಯ ಅರ್ಧ ಭಾಗ ನೀರಿನಡಿ ಇರುತ್ತದೆ, ಗುಡ್ಡದ ಕಾಲುದಾರಿ ಪಾಚಿ ಹಿಡಿದು ಜಾರುತ್ತದೆ.

ಹೊರಡುವ ದಿನ ಗೊತ್ತುಮಾಡುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ತರಗತಿಯಲ್ಲಿ ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುತ್ತಿರಲಿಲ್ಲ: ಕಡಲ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರ್ತಿಯಿಂದ, ಅಂದರೆ ನೀರು ಪೂರ್ತಿ ಏರಿದ ಹೊತ್ತಿನಿಂದ, ಮುಂದಿನ ಭರ್ತಿಗೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬ ಮೇಲೆ ಬರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಎರಡೂ ಮಿತ. ಮೊದಲ ಸಲ ಬರುವವರು, ಮಕ್ಕಳನ್ನು ಕರೆದುಕೊಂಡು ಬರುವವರು ಅಷ್ಟಮಿಯ ಹತ್ತಿರದ ದಿನ ಆರಿಸಿಕೊಂಡರೆ ಬೇಲೆಯಲ್ಲಿ ಎಲ್ಲ ಹೊತ್ತಿಗೂ ಕಾಲಿಡಲು ಜಾಗ ಇರುತ್ತದೆ. ಹೊಳೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದನ್ನು ಚೆನ್ನಾಗಿ ನೋಡಬೇಕೆಂದಿದ್ದರೆ ಮಾತ್ರ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತವೇ ಬೇಕು. ಆ ದಿನದ ಏರಿಳಿತದ ಹೊತ್ತು ಫೋನಿನಲ್ಲೇ ಸಿಗುತ್ತದೆ. ದೊಡ್ಡ ಅಲೆಯ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುತ್ತದೆ, ಹಿಂದಿನ ರಾತ್ರಿ ಅದನ್ನೂ ನೋಡಿ. ಇವೆರಡನ್ನೂ ನೋಡಿಕೊಂಡ ಮೇಲೂ ದಡದಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ಒಂದು ಮಾತು ಕೇಳಿಯೇ ಮುಂದೆ ಹೋಗಿ. ಅವರು "ಈಗ ಬೇಡ" ಎಂದರೆ ಬೇಡ.

ಚೀಲ ಹಗುರ ಇರಲಿ. ಆಳೊಂದಕ್ಕೆ 3 ಲೀಟರ್ ನೀರು, ಟೋಪಿ, ಒಂದು ತೆಳು ಪಂಚೆ ಅಥವಾ ದುಪಟ್ಟಾ, ಚಿಲ್ಲರೆ ಹಣ, ಸ್ವಲ್ಪ ಅವಲಕ್ಕಿ-ಬೆಲ್ಲ. ಕಾಲಿಗೆ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಬೂಟಿನೊಳಗೆ ಮರಳು ಸೇರಿದರೆ ಮಧ್ಯಾಹ್ನಕ್ಕೆ ಬೊಬ್ಬೆ ಬರುತ್ತದೆ. ಬರಿಗಾಲಲ್ಲಿ ಬಂಡೆ ಹತ್ತಲೇಬೇಡಿ, ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕುಯ್ಯುತ್ತದೆ.

ಎರಡೂ ದಿಕ್ಕಿನಿಂದ ನಡೆಯಬಹುದು. ನಾನು ಹೇಳುವುದು ಕುಮಟಾದಿಂದ ಶುರುಮಾಡಿ ಎಂದೇ. ಈ ಕಡೆ ಊರುಗಳಿವೆ, ಗದ್ದೆಗಳಿವೆ, ಜನ ತಮ್ಮ ಕೆಲಸದಲ್ಲಿರುತ್ತಾರೆ. ಗೋಕರ್ಣದ ಗದ್ದಲ ಕೊನೆಗೆ ಬಂದರೆ ಅದೂ ಹಿತವಾಗುತ್ತದೆ, ಸ್ನಾನಕ್ಕೆ, ದೇವರ ದರ್ಶನಕ್ಕೆ, ಉಳಿಯುವುದಕ್ಕೆ ಅನುಕೂಲವೂ ಅಲ್ಲೇ ಹೆಚ್ಚು.

ಬೆಳಿಗ್ಗೆ ಆರೂವರೆಗೆ ಪೇಟೆಯಲ್ಲಿ ಬಿಸಿ ಬನ್ಸ್, ಭಾಜಿ ತಿಂದು ಪಡುವಣಕ್ಕೆ ಹೊರಟರೆ ಹೆಡ್ ಬಂದರು, ವನ್ನಳ್ಳಿ. ಈಗ ಇಲ್ಲಿ ಸಣ್ಣ ದೋಣಿಗಳು ಮಾತ್ರ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇದೇ ಬಂದರಿನಿಂದ ಹಡಗು ಹತ್ತಿತು. ಆ ಹತ್ತಿಗೆ ಪೇಟೆಯಲ್ಲಿ ಹೆಸರೇ 'ಕುಮಟಾ ಹತ್ತಿ' ಎಂದಾಯಿತು. ನಮ್ಮಲ್ಲಿ ಹತ್ತಿ ಬೆಳೆಯುವುದಿಲ್ಲ. ಬಯಲುಸೀಮೆಯ ಮಕ್ಕಳಿಗೆ ಇದನ್ನು ಈ ದಡದಲ್ಲೇ ನಿಂತು ಹೇಳಬೇಕು.

ವನ್ನಳ್ಳಿಯಿಂದ ಮುಂದಿನ ದಾರಿಯ ಲೆಕ್ಕ ಸರಳ: ಸಮುದ್ರ ಎಡಕ್ಕಿರಬೇಕು. ಬೇಲೆ ಮುಗಿದಲ್ಲಿ ಗುಡ್ಡದ ಮೂಗು ಕಡಲಿಗೆ ಚಾಚಿರುತ್ತದೆ. ಅದನ್ನು ನೀರಿನ ಬದಿಯಿಂದ ಸುತ್ತಲು ಹೋಗಬೇಡಿ, ಬೇಲೆಯ ತುದಿಯಲ್ಲಿ ಬಲಕ್ಕೆ ನೋಡಿದರೆ ದನ ಮತ್ತು ಜನ ತುಳಿದ ಕಾಲುದಾರಿ ಮೇಲೆ ಹೋಗುವುದು ಕಾಣುತ್ತದೆ. ಗುಡ್ಡ ಹತ್ತಿ, ಮೇಲಿನ ಬೇಣ (ಹುಲ್ಲುಗಾವಲು) ದಾಟಿ, ಆಚೆ ಇಳಿಯಿರಿ. ಕಡ್ಲೆಗೆ ಹೀಗೆಯೇ ಹೋಗುವುದು. ಬೆಳಿಗ್ಗೆ ಬೇಗ ಹೊರಟವರಿಗೆ ಇನ್ನೊಂದು ಲಾಭ ಇದೆ: ಪೂರ್ವದ ಗುಡ್ಡ ಮತ್ತು ತೆಂಗಿನ ಸಾಲಿನ ನೆರಳು ಬೇಲೆಯ ಮೇಲೆ ಬಿದ್ದಿರುತ್ತದೆ. ಅಲೆ ಈಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ. ಅದರ ಮೇಲೆಯೇ ನಡೆಯಿರಿ. ಒಣ ಮರಳಿನಲ್ಲಿ ಒಂದು ಮೈಲಿ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಕಡ್ಲೆ, ಹೊಲನಗದ್ದೆ ದಾಟಿದ ಮೇಲೆ ಬಾಡ. ಬಿಸಿಲೇರುವ ಹೊತ್ತಿಗೆ ಇಲ್ಲಿ ಕಡಲು ಬಿಟ್ಟು ಊರೊಳಗೆ ಹೋಗಿ ಕಾಂಚಿಕಾ ಪರಮೇಶ್ವರಿ ದೇವಸ್ಥಾನದಲ್ಲಿ ಕೂತು ದಣಿವಾರಿಸಿಕೊಳ್ಳಿ. ನೀರು ತೀರಿದ್ದರೆ ಯಾವ ಮನೆಯಲ್ಲಾದರೂ ಕೇಳಿ, ಬಾವಿಯಿಂದ ಸೇದಿ ಕೊಡುತ್ತಾರೆ. ಬೆಲ್ಲವನ್ನೂ ಕೊಟ್ಟರೆ ಬೇಡ ಎನ್ನಬೇಡಿ. ಕೇಳುವಾಗ ಹೆಂಗಸರನ್ನು "ಅಕ್ಕಾ", ಹಿರಿಯರನ್ನು "ಅಮ್ಮಾ" ಎಂದು ಕರೆಯಿರಿ. ಬೇಲಿಯ ಆಚೆಯಿಂದ "ಹಲೋ" ಎಂದು ಕೂಗುವುದು ಇಲ್ಲಿಯವರಿಗೆ ಹಿಡಿಸುವುದಿಲ್ಲ.

ಬಾಡದಿಂದ ಗುಡೇಅಂಗಡಿ, ಕಾಗಾಲ. ನಮ್ಮ ಕಾಗಾಲದ ಬೇಲೆಗೆ ಬಂದವರು ಗಾಳಿಮರದ ಸಾಲಿನಡಿ ಕೂತು ಹೊರಡುವಾಗ ಬಾಟಲಿ, ಪೊಟ್ಟಣ ಬಿಟ್ಟು ಹೋಗುತ್ತಾರೆ. ದಯಮಾಡಿ ಚೀಲಕ್ಕೆ ಹಾಕಿಕೊಳ್ಳಿ. ರಾತ್ರಿ ಡೇರೆ ಹಾಕುವುದು, ಬೆಂಕಿ ಹಚ್ಚುವುದು ಇಲ್ಲಿ ಮಾತ್ರವಲ್ಲ, ಈ ದಾರಿಯ ಯಾವ ಬೇಲೆಯಲ್ಲೂ ಬೇಡ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುತ್ತವೆ. ಬೆಳಕು, ಗದ್ದಲ ಕಂಡರೆ ಮೊಟ್ಟೆಯಿಡದೆ ತಿರುಗಿ ಹೋಗುತ್ತವೆ. ಮರಿಗಳು ಗೂಡಿನಿಂದ ಹೊರಬಂದಾಗ ಬೆಳಕಿರುವ ಕಡೆ ಹೋಗುವ ಸ್ವಭಾವದವು. ಕಡಲಿನ ಹೊಳಪಿನ ಬದಲು ನಿಮ್ಮ ಟಾರ್ಚ್, ಬೆಂಕಿ ಕಂಡರೆ ದಾರಿ ತಪ್ಪಿ ಸಾಯುತ್ತವೆ. ಬಲೆ, ಕೋಲು ಕಟ್ಟಿ ಬೇಲಿ ಹಾಕಿದ ಜಾಗ ಕಂಡರೆ ಅದರೊಳಗೆ ಮೊಟ್ಟೆಯ ಗೂಡಿದೆ ಎಂದು ತಿಳಿದು ಸುತ್ತಿ ಹೋಗಿ.

ಕಾಗಾಲದ ಗುಡ್ಡ ದಾಟಿ ಅಘನಾಶಿನಿ ಊರಿಗೆ ಮಧ್ಯಾಹ್ನದ ಒಳಗೆ ತಲುಪಿದರೆ ಅವತ್ತಿಗೆ ನಡಿಗೆ ಸಾಕು. ಊರಲ್ಲಿ ಉಳಿಯಲು ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಕುಮಟಾಕ್ಕೆ ಬಸ್ಸಿದೆ; ರಾತ್ರಿ ಪೇಟೆಯಲ್ಲಿ ಮಲಗಿ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಮರಳಿ ಬನ್ನಿ. ಉಳಿದ ಹೊತ್ತು ಹೊಳೆಯ ದಂಡೆಯಲ್ಲಿರಿ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕಿ ಬರುವ ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. ಕಾಳಿ, ಶರಾವತಿಗಳನ್ನು ಕಟ್ಟಿದ್ದನ್ನು ನೋಡಿದ ಜಿಲ್ಲೆಯಲ್ಲಿ ಈ ಹೊಳೆ ಘಟ್ಟದ ಮಣ್ಣನ್ನು, ಸಿಹಿನೀರನ್ನು ತಡೆಯಿಲ್ಲದೆ ಕಡಲಿಗೆ ತಂದು ಕೊಡುತ್ತಿದೆ. ಆ ಸಿಹಿ, ಈ ಉಪ್ಪು ಎರಡೂ ದಿನಕ್ಕೆರಡು ಸಲ ಬೆರೆಯುವುದರಿಂದಲೇ ಹೊಳೆ ಕಡಲು ಸೇರುವ ಈ ಅಳಿವೆಯಲ್ಲಿ ಇಷ್ಟು ಜೀವ ಇದೆ. ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳದಿಬ್ಬಗಳು ಏಳುತ್ತವೆ. ಪಾತಿದೋಣಿಗಳಲ್ಲಿ ಗಂಡಸರು, ಹೆಂಗಸರು ಬಂದು ಸೊಂಟದ ನೀರಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಸಾವಿರಾರು ಮನೆಗಳ ಒಲೆ ಉರಿಯುವುದು ಇದರಿಂದ. ಯಾರ ಫೋಟೋ ತೆಗೆಯುವುದಿದ್ದರೂ ಮೊದಲು ಕೇಳಿ, ಅವರು ದುಡಿಮೆಯಲ್ಲಿದ್ದಾರೆ.

ಹೊಳೆಯ ಬದಿಯಲ್ಲಿ ಕಟ್ಟೆ ಹಾಕಿದ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತೇವೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ. ಗೊಬ್ಬರ, ಔಷಧಿ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಮೀನು, ಶೆಟ್ಲಿ (ಸಿಗಡಿ) ಹಿಡಿಯುತ್ತಾರೆ. ಭತ್ತದ ಕೂಳೆ ಮೀನಿಗೆ ಆಹಾರ, ಮೀನಿನ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ಎದುರು ದಡದ ತದಡಿಗೆ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ತರುವ ಯೋಜನೆ ಬಂದಾಗ ಈ ಎರಡೂ ದಂಡೆಯ ಜನ ಎದ್ದು ನಿಂತು ಬೇಡವೆಂದರು, ಅದು ನಿಂತಿತು. 2024ರ ಜನವರಿ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ನಾನು ಇದನ್ನೆಲ್ಲ ಇಷ್ಟು ಉದ್ದ ಹೇಳುವುದಕ್ಕೆ ಕಾರಣ ಇದೆ: ಇಂಥ ಹೊಳೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚು ಉಳಿದಿಲ್ಲ. ಇದನ್ನು ನೋಡಿ ಹೋದವರು ನಾಳೆ ಇದರ ಪರವಾಗಿ ಮಾತಾಡಬೇಕು.

ಎರಡನೆಯ ದಿನ ಬೆಳಿಗ್ಗೆ ತಾರಿಯಲ್ಲಿ (ಹೊಳೆ ದಾಟಿಸುವ ದೋಣಿ) ತದಡಿಗೆ. ಜನರನ್ನೂ ಬೈಕುಗಳನ್ನೂ ಒಟ್ಟಿಗೆ ದಾಟಿಸುವ ದೋಣಿ ಹಗಲಿಡೀ ಓಡಾಡುತ್ತದೆ. ಶಾಲೆ, ಕೆಲಸಕ್ಕೆ ಹೋಗುವವರನ್ನು ಮೊದಲು ಹತ್ತಲು ಬಿಡಿ. ತದಡಿ ಬಂದರಿನಲ್ಲಿ ಬೋಟು ಬಂದ ಹೊತ್ತಾದರೆ ಬಾಂಗ್ಡೆ, ತಾರ್ಲೆ ಮೀನಿನ ಹರಾಜು ನೋಡಬಹುದು. ಅಲ್ಲಿಂದ ಬೇಲೆಕಾನ, ಮತ್ತೆ ಗುಡ್ಡ, ಆಮೇಲೆ ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ಬೇಲೆಗಳು.

ಈ ಅರ್ಧದಲ್ಲಿ ಕಡಲು ಹೆಚ್ಚು ಅಪಾಯದ್ದು. ಬೇಲೆಕಾನದಿಂದ ಓಂ ಬೇಲೆಯ ತನಕ ದಾರಿ ಬಂಡೆಗಳ ಮೇಲೆ, ಕಡಿದಾದ ದಂಡೆಯ ಅಂಚಿನಲ್ಲಿ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಕಾಲುದಾರಿ ಕಂಡರೆ ಮೇಲಿನದನ್ನೇ ಹಿಡಿಯಿರಿ. ಕಪ್ಪಗೆ ಹೊಳೆಯುವ ಬಂಡೆಯ ಮೇಲೆ ಕಾಲಿಡಬೇಡಿ, ಅದು ಪಾಚಿ. ಫೋಟೋಕ್ಕಾಗಿ ಬಂಡೆಯ ತುದಿಗೆ ಹೋದವರನ್ನು ಅಲೆ ಎಳೆದುಕೊಂಡದ್ದು, ಬೇಲೆಯಲ್ಲಿ ಈಜಲಿಳಿದವರನ್ನು ಒಳಸೆಳೆತ ಒಯ್ದದ್ದು ಗೋಕರ್ಣದಲ್ಲಿ ಮತ್ತೆ ಮತ್ತೆ ಆಗಿದೆ. ಜೀವರಕ್ಷಕರಿಲ್ಲದ ಬೇಲೆಯಲ್ಲಿ ಮೊಣಕಾಲಿಗಿಂತ ಆಳ ಬೇಡ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು. ಕಾಲು ಸೋತಿದ್ದರೆ, ಹೊತ್ತು ಇಳಿದಿದ್ದರೆ ಓಂ ಬೇಲೆಯಿಂದ ಗೋಕರ್ಣಕ್ಕೆ ಆಟೋ ಸಿಗುತ್ತದೆ. ಕತ್ತಲಾದ ಮೇಲೆ ಗುಡ್ಡ ಹತ್ತುವುದಕ್ಕಿಂತ ಅದು ಮೇಲು.

ಕುಡ್ಲೆಯಿಂದ ಗುಡ್ಡ ಹತ್ತಿ ರಾಮತೀರ್ಥದ ಬದಿಯ ಮೆಟ್ಟಿಲು ಇಳಿದರೆ ಗೋಕರ್ಣದ ಕಡಲು. ದರ್ಶನ ಮಾಡುವವರು ಮೊದಲು ಮಹಾಗಣಪತಿಗೆ, ಆಮೇಲೆ ಮಹಾಬಲೇಶ್ವರನಿಗೆ. ಆತ್ಮಲಿಂಗವನ್ನು ಇಲ್ಲಿ ನೆಲೆಗೊಳಿಸಿದವನು ಗಣಪತಿ ಎಂಬ ನಂಬಿಕೆಯಿಂದ ಈ ಕ್ರಮ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು. ಚೀಲದಲ್ಲಿ ಪಂಚೆ ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಬರುತ್ತದೆ.

ಮರಳುವಾಗ ರೈಲಿಗೆ ಹೋಗುವವರು ನೆನಪಿಡಿ: ಗೋಕರ್ಣ ರೋಡ್ ನಿಲ್ದಾಣ ಪೇಟೆಯಲ್ಲಿಲ್ಲ, ಮದನಗೇರಿಯ ಹತ್ತಿರ ಇದೆ. ಒಂದು ತಾಸು ಮೊದಲೇ ಹೊರಡಿ. ಜನವರಿ ದಾಟಿದ್ದರೆ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಕೆಲಸ ನಡೆದಿರುತ್ತದೆ. ಅಲ್ಲಿಯ ಹರಳುಪ್ಪು ಗೋಕರ್ಣದ ಅಂಗಡಿಯಲ್ಲಿ ಕಂಡರೆ ಒಂದು ಕಿಲೋ ಕೊಂಡುಕೊಳ್ಳಿ. ಮಾವಿನ ಮಿಡಿ ಹಾಕಲು ನಮ್ಮಲ್ಲಿ ಅದನ್ನೇ ಬಳಸುತ್ತೇವೆ.